ಕೇಳಿಸುವುದು ಬೇರೆ, ಕೇಳುವುದು ಬೇರೆ

ಮನೆ ಎಂದಮೇಲೆ ಮಾತು ಇದ್ದದ್ದೇ. ಬೆಳಗಿನ ಹೊತ್ತು ಪಡಸಾಲೆಯಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ಗಮನಿಸಿದರೆ, ನಾಲ್ಕೈದು ಧ್ವನಿಗಳು ಏಕಕಾಲಕ್ಕೆ ಕಿವಿಯ ಮೇಲೆ ಬೀಳುತ್ತಿರುವುದು ಅರಿವಿಗೆ ಬರುತ್ತದೆ. ಒಂದೆಡೆ ಟೀವಿಯ ವಾರ್ತೆ, ಇನ್ನೊಂದೆಡೆ ಅಡುಗೆಮನೆಯ ಸಂಭಾಷಣೆ, ಒಳಕೋಣೆಯಲ್ಲಿ ಮಗ್ಗಿ ಒಪ್ಪಿಸುವ ಮಗು, ಬಾಗಿಲಲ್ಲಿ ಕಾಯಿಪಲ್ಲೆ ಮಾರುವವಳ ಕೂಗು, ಮೂಲೆಯಲ್ಲಿ ಯಾರದೋ ಮೊಬೈಲ್ ಮಾತು. ಇಷ್ಟರ ನಡುವೆಯೇ ನಾವು ಪತ್ರಿಕೆ ಓದುತ್ತೇವೆ, ಲೆಕ್ಕ ಬರೆಯುತ್ತೇವೆ, ಪೂಜೆಗೂ ಕುಳಿತುಕೊಳ್ಳುತ್ತೇವೆ. ಹೀಗೆ ಕಿವಿಗೆ ಬಿದ್ದೂ ನಾವು ಗಮನ ಕೊಡದ ಮಾತುಗಳ ಗತಿ ಏನು? ಅವು ಕಿವಿಯಲ್ಲೇ ನಿಂತುಬಿಡುತ್ತವೆಯೆ? ಅಥವಾ ಮಿದುಳು ಅವುಗಳನ್ನೂ ಅಷ್ಟಿಷ್ಟು ಒಳಗೆ ಬಿಟ್ಟುಕೊಳ್ಳುತ್ತದೆಯೆ?

ಈ ಪ್ರಶ್ನೆ ನಮ್ಮಲ್ಲಿ ಮೂಡಲು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗ ಕಾರಣ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ವೈದ್ಯರು ಎರಡರಿಂದ ಒಂದಕ್ಕೆ ಇಳಿಸಿದರು. ಸಂಜೆ ಮನೆಗೆ ಬಂದವರೆ, ಟೀವಿ ನಡೆಯುತ್ತಿದ್ದಂತೆಯೇ, ಮೊಮ್ಮಕ್ಕಳ ಗದ್ದಲದ ನಡುವೆಯೇ, ನಾವು ಆ ಸಂಗತಿಯನ್ನು ಅವರಿಗೆ ತಿಳಿಸಿದೆವು. "ಹೂಂ" ಎಂದರು. ಅಂದು ರಾತ್ರಿ ಅವರು ಎಂದಿನಂತೆ ಎರಡು ಗುಳಿಗೆ ನುಂಗಿದರು. ಬೆಳಗಿನ ಜಾವ ಮೈಯೆಲ್ಲ ಬೆವರಿ, ಕೈ ನಡುಗಿ, ಎದ್ದು ನಿಲ್ಲಲಾರದೆ ಕುಸಿದರು. ಸಕ್ಕರೆ ನೀರು ಕುಡಿಸಿ, ವೈದ್ಯರಲ್ಲಿಗೆ ಕರೆದೊಯ್ದು, ದೇವರ ದಯೆಯಿಂದ ಚೇತರಿಸಿಕೊಂಡರು. "ಹೇಳಿದಾಗ ಹೂಂ ಅಂದಿರಲ್ಲ!" ಎಂದು ನಾವು ಗದರಿಸಿದಾಗ ಅವರು ಮೆಲ್ಲಗೆ ಹೇಳಿದ ಮಾತು ಇದು: "ಮಾತು ಕೇಳಸ್ತೈತಿ, ಆದ್ರ ತಿಳಿಯಂಗಿಲ್ಲಪಾ."

ನಾವು ಅದನ್ನು ನಂಬಲಿಲ್ಲ. ಏಕೆಂದರೆ ಅಡುಗೆಮನೆಯಲ್ಲಿ ಯಾರಾದರೂ ಮೆಲುದನಿಯಲ್ಲಿ ಅವರ ಹೆಸರು ತೆಗೆದರೆ, ಪಡಸಾಲೆಯಿಂದಲೇ "ಏನಂದಿರಿ?" ಎಂದು ಕೇಳುತ್ತಿದ್ದರು. "ಬೇಕಾದ ಮಾತು ಮಾತ್ರ ಅವ್ವನಿಗೆ ಕೇಳಿಸುತ್ತದೆ" ಎಂಬುದು ಮನೆಯ ನಗೆಮಾತಾಗಿತ್ತು. ಈ ನಗೆಮಾತು ಬಹಳ ಮನೆಗಳಲ್ಲಿ ಉಂಟು. ಅದು ಎಷ್ಟು ಅನ್ಯಾಯದ್ದೆಂಬುದನ್ನು ನಾವು ತಿಳಿದುಕೊಂಡದ್ದು ತಡವಾಗಿ. ತಾಯಿಯವರು ಈಗಿಲ್ಲ. ಅವರು ಹೇಳಿದ ಮಾತಿನ ಹಿಂದೆ ಎಪ್ಪತ್ತು ವರ್ಷಗಳ ವಿಜ್ಞಾನವಿದೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ಕಿವಿ, ಎರಡು ಮಾತು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತು ಅದರ ನಂತರದ ವರ್ಷಗಳಲ್ಲಿ ವಿಮಾನ ನಿಯಂತ್ರಣ ಕೇಂದ್ರಗಳಲ್ಲಿ ಒಂದು ವಿಚಿತ್ರ ತೊಡಕು ಎದುರಾಗಿತ್ತು. ಆಕಾಶದಲ್ಲಿರುವ ಹಲವು ಚಾಲಕರ ಮಾತು ಒಂದೇ ಧ್ವನಿವರ್ಧಕದಿಂದ ಒಟ್ಟಿಗೆ ಹೊರಬೀಳುತ್ತಿತ್ತು. ಅವುಗಳಲ್ಲಿ ಒಬ್ಬನ ಮಾತನ್ನು ಬೇರ್ಪಡಿಸಿ ಕೇಳುವುದು ನಿಯಂತ್ರಕನಿಗೆ ಬಲು ಕಷ್ಟ, ತಪ್ಪಿದರೆ ಪ್ರಾಣಾಪಾಯ. ಮನುಷ್ಯನ ಕಿವಿ ಮತ್ತು ಗಮನಗಳ ಮಿತಿ ಎಷ್ಟೆಂಬ ಪ್ರಶ್ನೆಗೆ ಆ ಕಾಲದಲ್ಲಿ ಮಹತ್ವ ಬಂದದ್ದು ಹೀಗೆ.

೧೯೫೩ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಚೆರ್ರಿ ಎಂಬ ವಿದ್ವಾಂಸರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ತಾವು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಔತಣಕೂಟವೊಂದರಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡುತ್ತಿರುವಾಗ ನಾವು ಒಬ್ಬರ ಮಾತನ್ನಷ್ಟೇ ಹೇಗೆ ಹಿಡಿಯುತ್ತೇವೆ ಎಂಬುದು ಅವರ ಪ್ರಶ್ನೆ. ಅವರ ದೇಶದ ರೂಢಿಯಂತೆ ಅವರು ಇದನ್ನು 'ಕಾಕ್‌ಟೇಲ್ ಪಾರ್ಟಿ ಸಮಸ್ಯೆ' ಎಂದು ಕರೆದರು. ನಾವು ಇದನ್ನು ಮದುವೆ ಮಂಟಪದ ಸಮಸ್ಯೆ ಎನ್ನಬಹುದು.

ಮೊದಲು ಅವರು ಒಬ್ಬನೇ ವ್ಯಕ್ತಿ ಓದಿದ ಎರಡು ಬೇರೆ ಬೇರೆ ವಾಕ್ಯಭಾಗಗಳನ್ನು ಒಂದೇ ಟೇಪಿನಲ್ಲಿ ಬೆರೆಸಿ ಕೇಳಿಸಿದರು. ಅವುಗಳನ್ನು ಬಿಡಿಸಿಕೊಳ್ಳಲು ಕೇಳುಗರು ಟೇಪನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಹೆಣಗಬೇಕಾಯಿತು. ನಂತರ ಅವರು ಕಿವಿಗೆ ತೊಡುವ ಫೋನಿನ ಮೂಲಕ ಬಲಗಿವಿಗೆ ಒಂದು ಮಾತು, ಎಡಗಿವಿಗೆ ಇನ್ನೊಂದು ಮಾತು ಕೇಳಿಸಿ, ಒಂದು ಕಿವಿಯ ಮಾತನ್ನು ಅದರ ಬೆನ್ನಿಗೇ ಗಟ್ಟಿಯಾಗಿ ಹೇಳುತ್ತ ಹೋಗಬೇಕೆಂದು ತಿಳಿಸಿದರು. ಈಗ ಕೆಲಸ ಸಲೀಸಾಯಿತು. ಆದರೆ ಇನ್ನೊಂದು ಕಿವಿಗೆ ಬಿದ್ದ ಮಾತಿನಲ್ಲಿ ಏನಿತ್ತೆಂದು ಕೇಳಿದರೆ ಯಾರಿಂದಲೂ ಉತ್ತರವಿಲ್ಲ. ಅಲ್ಲಿ ಯಾರೋ ಮಾತನಾಡುತ್ತಿದ್ದರೆಂಬುದು ಗೊತ್ತು. ಗಂಡುದನಿ ಹೋಗಿ ಹೆಣ್ಣುದನಿ ಬಂದರೆ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಾಯಿತು. ಮಾತಿನ ಬದಲು ಸಿಳ್ಳಿನಂಥ ಒಂದೇ ಸ್ವರ ಕೇಳಿಸಿದರೂ ತಿಳಿಯಿತು. ಆದರೆ ಇಂಗ್ಲಿಷ್ ಮಾತು ನಡುವೆ ಜರ್ಮನ್ ಭಾಷೆಗೆ ತಿರುಗಿದ್ದು ಅವರ ಗಮನಕ್ಕೆ ಬರಲಿಲ್ಲ! ಟೇಪನ್ನು ಹಿಂದುಮುಂದಾಗಿ ಓಡಿಸಿದಾಗಲೂ ಕೆಲವರಿಗಷ್ಟೇ ಏನೋ ಸರಿಯಿಲ್ಲವೆನಿಸಿತು. ಉಳಿದವರು ಅದನ್ನು ಸಹಜವಾದ ಮಾತೆಂದೇ ತಿಳಿದರು.

ಅಂದರೆ ಗಮನವಿಲ್ಲದ ಕಡೆಯ ಧ್ವನಿ ಒಳಗೆ ಬರುತ್ತದೆ. ಅದರ ಅರ್ಥ ಹೊರಗೇ ಉಳಿಯುತ್ತದೆ. ನಮ್ಮ ಕನ್ನಡ ನುಡಿ ಈ ಭೇದವನ್ನು ಮೊದಲೇ ಬಲ್ಲದು. 'ಕೇಳಿಸಿತು' ಎಂದರೆ ಅದು ತಾನಾಗಿ ಕಿವಿಗೆ ಬಂದದ್ದು. 'ಕೇಳಿದೆ' ಎಂದರೆ ನಾವಾಗಿ ತೆಗೆದುಕೊಂಡದ್ದು. 'ಆಲಿಸಿದೆ' ಎಂದರೆ ಮನಸ್ಸು ಕೊಟ್ಟು ತೆಗೆದುಕೊಂಡದ್ದು.

ಮುಚ್ಚಿದ ಬಾಗಿಲೋ, ಓರೆ ಮಾಡಿದ ಬಾಗಿಲೋ?

ಕೇಂಬ್ರಿಜ್‌ನ ಮನೋವಿಜ್ಞಾನಿ ಡೊನಾಲ್ಡ್ ಬ್ರಾಡ್‌ಬೆಂಟ್ ಅವರು ೧೯೫೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಮಿದುಳಿನ ಶಕ್ತಿ ಪರಿಮಿತವಾದದ್ದು. ಆದ್ದರಿಂದ ಬಾಗಿಲಲ್ಲೇ ಒಂದು ಸೋಸುವ ವ್ಯವಸ್ಥೆಯಿದೆ. ಧ್ವನಿಯ ದಿಕ್ಕು, ಏರಿಳಿತ ಮುಂತಾದ ಹೊರಲಕ್ಷಣಗಳನ್ನು ನೋಡಿ ಒಂದನ್ನು ಒಳಗೆ ಬಿಟ್ಟು ಉಳಿದವನ್ನು ಅದು ತಡೆಯುತ್ತದೆ ಎಂದರು.

ಆದರೆ ಮರುವರ್ಷವೇ ಈ ವಿವರಣೆಗೆ ಒಂದು ತೊಡಕು ಬಂದಿತು. ೧೯೫೯ರಲ್ಲಿ ನೆವಿಲ್ ಮೋರೇ ಎಂಬವರು ಗಮನವಿಲ್ಲದ ಕಿವಿಯಲ್ಲಿ ಕೆಲವು ಪದಗಳನ್ನು ೩೫ ಸಲ ಕೇಳಿಸಿದರು. ಕೇಳುಗರಿಗೆ ಒಂದೂ ನೆನಪುಳಿಯಲಿಲ್ಲ. ಅದೇ ಕಿವಿಯಲ್ಲಿ ಕೇಳುಗನ ಹೆಸರು ಹಿಡಿದು ಕರೆದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ತಿಳಿಯಿತು. ೧೯೯೫ರಲ್ಲಿ ಅಮೆರಿಕದಲ್ಲಿ ಇದೇ ಪ್ರಯೋಗವನ್ನು ಹೆಚ್ಚು ಕಟ್ಟುನಿಟ್ಟಿನಿಂದ ಮತ್ತೆ ಮಾಡಿದಾಗಲೂ ಫಲ ಹೆಚ್ಚುಕಡಿಮೆ ಅಷ್ಟೇ. ಬಾಗಿಲು ಪೂರ್ತಿ ಮುಚ್ಚಿದ್ದರೆ ಹೆಸರು ಒಳಗೆ ಬಂದದ್ದು ಹೇಗೆ?

ಇದಕ್ಕೆ ಸಮಾಧಾನ ಒದಗಿಸಿದವರು ಆಕ್ಸ್‌ಫರ್ಡಿನ ಆನ್ ಟ್ರೀಸ್‌ಮನ್ ಎಂಬ ವಿದುಷಿ. ೧೯೬೦ರ ತಮ್ಮ ಪ್ರಯೋಗದಲ್ಲಿ ಅವರು ಎರಡು ಕಿವಿಗಳ ಮಾತನ್ನು ನಡುವಿನಲ್ಲಿ ಅದಲುಬದಲು ಮಾಡಿದರು. ಬಲಗಿವಿಯಲ್ಲಿ ನಡೆಯುತ್ತಿದ್ದ ಕತೆ ಥಟ್ಟನೆ ಎಡಗಿವಿಗೆ ಹೋಯಿತು. ಬಲಗಿವಿಯನ್ನೇ ಅನುಸರಿಸಬೇಕೆಂಬ ಕಟ್ಟಪ್ಪಣೆ ಇದ್ದರೂ ಕೆಲವು ಸಲ ಕೇಳುಗರು ತಮಗೆ ಅರಿವಿಲ್ಲದೆಯೇ ಒಂದೆರಡು ಪದಗಳ ಮಟ್ಟಿಗೆ ಕತೆಯ ಬೆನ್ನು ಹತ್ತಿ ಇನ್ನೊಂದು ಕಿವಿಗೆ ದಾಟಿಬಿಟ್ಟರು. ಇದರಿಂದ ಟ್ರೀಸ್‌ಮನ್ ಕಂಡುಕೊಂಡದ್ದೇನೆಂದರೆ, ಗಮನವಿಲ್ಲದ ಮಾತನ್ನು ಮಿದುಳು ತಳ್ಳಿಹಾಕುವುದಿಲ್ಲ, ರೇಡಿಯೋದ ಧ್ವನಿ ತಗ್ಗಿಸುವಂತೆ ತಗ್ಗಿಸುತ್ತದೆ. ಸಾಧಾರಣ ಪದಗಳು ಆ ತಗ್ಗಿದ ಧ್ವನಿಯಲ್ಲಿ ಮರೆಯಾಗುತ್ತವೆ. ತನ್ನ ಹೆಸರು ಅಥವಾ ಆ ಕ್ಷಣಕ್ಕೆ ಮನಸ್ಸು ನಿರೀಕ್ಷಿಸುತ್ತಿರುವ ಪದವಾದರೆ ಅತಿ ಕ್ಷೀಣ ಧ್ವನಿಯೇ ಸಾಕು, ಎಚ್ಚರವಾಗುತ್ತದೆ. ಹೀಗಲ್ಲ, ಎಲ್ಲ ಮಾತುಗಳ ಅರ್ಥವೂ ಒಳಗೆ ತಲುಪಿ ಆಮೇಲೆ ಆಯ್ಕೆ ನಡೆಯುತ್ತದೆ ಎಂದು ೧೯೬೩ರಲ್ಲಿ ಡಾಯ್ಚ್ ದಂಪತಿಗಳು ವಾದಿಸಿದರು. ಈ ಚರ್ಚೆ ದಶಕಗಳ ಕಾಲ ನಡೆಯಿತು.

ನಮ್ಮ ತಾಯಿಯವರು "ಹೂಂ" ಎಂದದ್ದಕ್ಕೂ ಇಲ್ಲಿ ಒಂದು ಕಾರಣ ದೊರಕುತ್ತದೆ. ೧೯೬೯ರಲ್ಲಿ ಡೊನಾಲ್ಡ್ ನಾರ್ಮನ್ ಎಂಬವರು ಗಮನವಿಲ್ಲದ ಕಿವಿಯಲ್ಲಿ ಅಂಕಿಗಳನ್ನು ಕೇಳಿಸಿ, ಕೆಲಸವನ್ನು ತಟ್ಟನೆ ನಿಲ್ಲಿಸಿ ವಿಚಾರಿಸಿದಾಗ ಕೇಳುಗರು ಕೊನೆಯ ಕೆಲವನ್ನು ಹೇಳಬಲ್ಲವರಾಗಿದ್ದರು. ೨೦ ಸೆಕೆಂಡು ಬಿಟ್ಟು ವಿಚಾರಿಸಿದರೆ ಏನೂ ಉಳಿದಿರಲಿಲ್ಲ. ಕಿವಿಗೆ ಬಿದ್ದ ಮಾತಿನ ಅನುರಣನ ಕೆಲವೇ ಸೆಕೆಂಡು ಒಳಗೆ ನಿಂತು ಅಳಿಸಿಹೋಗುತ್ತದೆ. "ಏನಂದಿ?" ಎಂದು ಕೇಳಿದ ಮರುಕ್ಷಣವೇ, ಎದುರಿನವರು ಮತ್ತೆ ಹೇಳುವ ಮೊದಲೇ, ಮಾತು ತಾನಾಗಿ ತಿಳಿದುಬರುವ ಅನುಭವ ನಮಗೆಲ್ಲ ಉಂಟು. ಅದು ಈ ಅನುರಣನದ ಪ್ರಸಾದ. ಆ ಹೊತ್ತಿನಲ್ಲಿ ಬಂದ "ಹೂಂ" ಸುಳ್ಳಲ್ಲ. ಆದರೆ ಅದನ್ನು ನಂಬಿ ಗುಳಿಗೆಯ ಲೆಕ್ಕವನ್ನು ಒಪ್ಪಿಸಿಬಿಡುವುದು ನಮ್ಮ ತಪ್ಪು.

ಮಿದುಳಿನೊಳಗೆ ನಡೆಯುವುದೇನು?

ಇತ್ತೀಚಿನ ದಶಕಗಳಲ್ಲಿ ಈ ಕ್ರಿಯೆಯನ್ನು ಮಿದುಳಿನಲ್ಲೇ ನೇರವಾಗಿ ನೋಡುವ ಸೌಕರ್ಯ ಒದಗಿದೆ. ತೀವ್ರ ಅಪಸ್ಮಾರ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ, ರೋಗದ ಮೂಲ ಎಲ್ಲಿದೆಯೆಂದು ಹುಡುಕಲು ಮಿದುಳಿನ ಮೇಲೆ ಎಲೆಕ್ಟ್ರೋಡುಗಳನ್ನು ಇರಿಸುವುದುಂಟು. ೨೦೧೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಿಮಾ ಮೆಸ್ಗರಾನಿ ಮತ್ತು ಎಡ್ವರ್ಡ್ ಚಾಂಗ್ ಅವರು ಇಂಥ ಮೂವರು ರೋಗಿಗಳ ಸಮ್ಮತಿ ಪಡೆದು ಅವರಿಗೆ ಇಬ್ಬರ ಮಾತನ್ನು ಒಟ್ಟಿಗೆ ಕೇಳಿಸಿದರು. ಕಿವಿಯ ನೇರಕ್ಕಿರುವ ಮಿದುಳಿನ ಶ್ರವಣಭಾಗದಿಂದ ಬಂದ ವಿದ್ಯುತ್ ಸಂಕೇತಗಳಿಂದ ಧ್ವನಿಯ ಚಿತ್ರವನ್ನು ಮರಳಿ ಕಟ್ಟಿದಾಗ, ಅದು ಕೇಳುಗ ಗಮನವಿಟ್ಟ ವ್ಯಕ್ತಿ ಒಬ್ಬನೇ ಮಾತನಾಡಿದಂತೆ ಇದ್ದಿತು! ಇನ್ನೊಬ್ಬನ ಧ್ವನಿ ಬಹುಮಟ್ಟಿಗೆ ಹಿಂದೆ ಸರಿದಿತ್ತು.

ಹಾಗಾದರೆ ಆ ಇನ್ನೊಬ್ಬನ ಮಾತು ಎಲ್ಲಿ ಹೋಯಿತು? ೨೦೧೯ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಇದಕ್ಕೆ ಉತ್ತರ ಕಂಡುಕೊಂಡಿತು. ಮಿದುಳಿನಲ್ಲಿ ಶಬ್ದವನ್ನು ಮೊದಲು ಬರಮಾಡಿಕೊಳ್ಳುವ ಮಡಿಕೆಯಲ್ಲಿ ಇಬ್ಬರ ಧ್ವನಿಗಳೂ ದಾಖಲಾಗುತ್ತವೆ. ಅಲ್ಲಿಂದ ಮುಂದಿನ ಹಂತಕ್ಕೆ ಹೋದಾಗಲೇ ಗಮನದ ಆಯ್ಕೆ ಕೆಲಸ ಮಾಡಿ, ಬೇಕಾದವನ ಮಾತು ಮುಂದಾಗುತ್ತದೆ. ೨೦೨೩ರಲ್ಲಿ ಇದೇ ತಂಡ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಗದ್ದಲದ ನಡುವಿನ ಸಂದುಗಳಲ್ಲಿ ಇಣುಕುವ ಅಕ್ಷರಧ್ವನಿಗಳನ್ನು ಮಿದುಳು ಇಬ್ಬರದ್ದನ್ನೂ ಗುರುತಿಸುತ್ತದೆ. ಆದರೆ ಗದ್ದಲದಲ್ಲಿ ಮುಚ್ಚಿಹೋದ ಧ್ವನಿಗಳನ್ನು ಗಮನವಿಟ್ಟವನ ಪಾಲಿಗೆ ಮಾತ್ರ, ತುಸು ತಡವಾಗಿ, ತುಂಬಿಕೊಡುತ್ತದೆ.

ಅರ್ಥದ ಸಂಗತಿ ಇನ್ನೂ ಕಟ್ಟುನಿಟ್ಟು. ೨೦೧೮ರಲ್ಲಿ ಪ್ರಕಟವಾದ ಡಬ್ಲಿನ್ ನಗರದ ಸಂಶೋಧಕರ ಅಧ್ಯಯನದಲ್ಲಿ, ಪದದ ಅರ್ಥವನ್ನು ಹಿಂದಿನ ಮಾತಿಗೆ ಹೊಂದಿಸಿಕೊಳ್ಳುವಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆ ಗಮನವಿಟ್ಟ ಮಾತಿಗೆ ಸ್ಪಷ್ಟವಾಗಿ ಕಂಡಿತು, ಗಮನವಿಲ್ಲದ ಮಾತಿಗೆ ಕಾಣಲಿಲ್ಲ. ಧ್ವನಿಗೆ ಪ್ರವೇಶವುಂಟು, ಹೆಸರಿನಂಥ ಒಂದೊಂದು ಪದಕ್ಕೂ ಪ್ರವೇಶವುಂಟು; ಆದರೆ ವಾಕ್ಯಕ್ಕೆ ವಾಕ್ಯ ಸೇರಿ ಆಗುವ ತಿಳಿವಳಿಕೆ ಗಮನವಿಲ್ಲದೆ ಆಗುವುದಿಲ್ಲ.

ನಿದ್ರೆಯಲ್ಲೂ ಒಂದು ಕಾವಲು

ಮಲಗಿದವರ ಕಿವಿಯೂ ಪೂರ್ತಿ ಮುಚ್ಚುವುದಿಲ್ಲವೆಂಬುದು ತಾಯಂದಿರಿಗೆ ಗೊತ್ತಿರುವ ಸಂಗತಿ. ೧೯೬೦ರಲ್ಲಿ ಇಯಾನ್ ಆಸ್ವಾಲ್ಡ್ ಮತ್ತು ಅವರ ಸಂಗಡಿಗರು ಮಲಗಿದವರಿಗೆ ಹಲವು ಹೆಸರುಗಳನ್ನು ಕೇಳಿಸಿದಾಗ, ಸ್ವಂತ ಹೆಸರು ಬಂದೊಡನೆ ಮಿದುಳಿನ ಅಲೆಗಳಲ್ಲಿ ಹೆಚ್ಚಿನ ಪ್ರತಿಕ್ರಿಯೆ ಕಂಡಿತು. ೨೦೧೯ರಲ್ಲಿ ಫ್ರಾನ್ಸಿನ ಸಂಶೋಧಕರು ಮಲಗಿದವರಿಗೆ ಒಂದು ಅರ್ಥವುಳ್ಳ ಮಾತನ್ನೂ ಒಂದು ಅರ್ಥಹೀನ ಮಾತನ್ನೂ ಒಟ್ಟಿಗೆ ಕೇಳಿಸಿದರು. ಹಗುರ ನಿದ್ರೆಯಲ್ಲಿ ಮಿದುಳು ಅರ್ಥವುಳ್ಳ ಮಾತನ್ನೇ ಹೆಚ್ಚಾಗಿ ಹಿಂಬಾಲಿಸಿತು. ಆದರೆ ಅದು ಸ್ವಲ್ಪ ಹೊತ್ತಿನ ಆಟ. ನಿದ್ರೆ ಆಳವಾದಂತೆ ಆ ಆಯ್ಕೆ ಅಳಿಸಿಹೋಯಿತು. ಕಾವಲುಗಾರ ಎಚ್ಚರವಿರುವುದು ಮನೆಯವರನ್ನು ಎಬ್ಬಿಸುವ ಮಟ್ಟಿಗೆ ಮಾತ್ರ.

ಕೇಳದ ಮಾತಿಗೂ ಬೆಲೆ ತೆರಬೇಕು

"ಟೀವಿ ಹಚ್ಚಿದ್ದರೇನಂತೆ, ನಾನು ಅದನ್ನು ನೋಡುತ್ತಿಲ್ಲವಲ್ಲ" ಎಂದು ಓದಲು ಕುಳಿತ ಮಕ್ಕಳು ಹೇಳುವುದುಂಟು. ೧೯೭೬ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಅಮೆರಿಕದ ಸಂಶೋಧಕರು ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು ಅಕ್ಷರಗಳ ಸಾಲನ್ನು ಕಣ್ಣಿನಿಂದ ನೋಡಿ ಕ್ರಮವಾಗಿ ನೆನಪಿಡಬೇಕು; ಹಿನ್ನೆಲೆಯಲ್ಲಿ ತಮಗೆ ತಿಳಿಯದ ಜರ್ಮನ್ ಭಾಷೆಯ ಓದು ನಡೆದಿರುತ್ತದೆ; ಅದಕ್ಕೆ ಕಿವಿಗೊಡಬೇಕಿಲ್ಲ. ಆದರೂ ತಪ್ಪುಗಳು ಹೆಚ್ಚಿದವು. ತಿಳಿಯದ ಭಾಷೆಯೇ ನೆನಪನ್ನು ಕದಡುವುದಾದರೆ, ತಿಳಿಯುವ ಧಾರಾವಾಹಿಯ ಮಾತನ್ನು ನಿರಪಾಯಕಾರಿ ಎನ್ನುವುದು ಹೇಗೆ? ಪರೀಕ್ಷೆಯ ಹೊತ್ತಿನಲ್ಲಿ ಪಾಲಕರು ಇದನ್ನು ನೆನಪಿಡಬೇಕು.

ಬಸ್ಸಿನಲ್ಲಿ ಪಕ್ಕದವನು ಮೊಬೈಲಿನಲ್ಲಿ ಮಾತನಾಡುತ್ತಿದ್ದರೆ ನಮಗೆ ಓದಲಾಗದು; ಇಬ್ಬರು ಪರಸ್ಪರ ಮಾತನಾಡುತ್ತಿದ್ದರೆ ಅಷ್ಟು ಕಿರಿಕಿರಿಯಿಲ್ಲ. ಇದಕ್ಕೂ ಕಾರಣವಿದೆ. ೨೦೧೦ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದಂತೆ, ಅರ್ಧ ಸಂಭಾಷಣೆ ಪೂರ್ಣ ಸಂಭಾಷಣೆಗಿಂತ ಹೆಚ್ಚು ಗಮನ ಕೆಡಿಸುತ್ತದೆ. ಮುಂದೇನು ಬರುವುದೆಂದು ಮಿದುಳು ಸದಾ ಊಹಿಸುತ್ತಿರುತ್ತದೆ. ಅರ್ಧ ಮಾತಿನಲ್ಲಿ ಆ ಊಹೆಗೆ ನೆಲೆ ಸಿಗದೆ ಅದು ಮತ್ತೆ ಮತ್ತೆ ಅತ್ತಲೇ ತಿರುಗುತ್ತದೆ.

ಗಮನವನ್ನು ಬಿಗಿಹಿಡಿಯುವ ಶಕ್ತಿ ಎಲ್ಲರಲ್ಲಿ ಸಮವಲ್ಲ. ೨೦೦೧ರ ಒಂದು ಅಧ್ಯಯನದಲ್ಲಿ, ಏಕಕಾಲಕ್ಕೆ ಹೆಚ್ಚು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಡಬಲ್ಲವರಲ್ಲಿ ಶೇಕಡಾ ೨೦ರಷ್ಟು ಜನ ಮಾತ್ರ ಇನ್ನೊಂದು ಕಿವಿಯಲ್ಲಿ ಬಂದ ತಮ್ಮ ಹೆಸರನ್ನು ಗುರುತಿಸಿದರು. ಆ ಶಕ್ತಿ ಕಡಿಮೆಯಿರುವವರಲ್ಲಿ ಶೇಕಡಾ ೬೫ರಷ್ಟು ಜನ ಗುರುತಿಸಿದರು. ಹೆಸರು ಕೇಳಿಸದಿದ್ದವರೇ ಕೈಯಲ್ಲಿದ್ದ ಕೆಲಸದಲ್ಲಿ ಹೆಚ್ಚು ತೊಡಗಿದ್ದವರು! ಕರೆದಾಗ ಓಗೊಡದ ಮಗುವನ್ನು ಬಯ್ಯುವ ಮುನ್ನ ಅದು ಯಾವ ಕೆಲಸದಲ್ಲಿ ಮುಳುಗಿತ್ತೆಂದು ನೋಡುವುದು ಲೇಸು. ನಮ್ಮ ನಾಡಿನ ಅಷ್ಟಾವಧಾನ ಕಲೆಯಲ್ಲಿ ಈ ಪರೀಕ್ಷೆಯನ್ನೇ ಸಭೆಯ ನಡುವೆ ಇರಿಸಿದ್ದಾರೆ. ಅವಧಾನಿಯು ಹಲವು ಪೃಚ್ಛಕರ ಪದ್ಯಸಮಸ್ಯೆಗಳನ್ನು ಮನಸ್ಸಿನಲ್ಲಿ ಹಿಡಿದಿರುವಾಗ ಅಪ್ರಸ್ತುತ ಪ್ರಸಂಗಿಯು ಸಂಬಂಧವಿಲ್ಲದ ಮಾತುಗಳನ್ನೆತ್ತಿ ಅವರ ಏಕಾಗ್ರತೆಯನ್ನು ಕದಡಲು ನೋಡುತ್ತಾನೆ. ಹಿಂದಿನವರು ಮಾತಿನ ಈ ಬಲವನ್ನು ಚೆನ್ನಾಗಿ ಅರಿತಿದ್ದರು.

ವಾಹನ ಓಡಿಸುವವರ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಕೆನಡಾದ ಟೊರಾಂಟೋ ನಗರದಲ್ಲಿ ೬೯೯ ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿ ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಫೋನಿನಲ್ಲಿ ಮಾತನಾಡುವಾಗ ಡಿಕ್ಕಿಯಾಗುವ ಸಂಭವ ಸುಮಾರು ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತನಾಡುವ ಫೋನಿನಿಂದಲೂ ಹೆಚ್ಚಿನ ರಕ್ಷಣೆ ಕಾಣಲಿಲ್ಲ. ೨೦೦೧ರಲ್ಲಿ ಯೂಟಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಫೋನಿನಲ್ಲಿ ಮಾತನಾಡುವವರು ಇಮ್ಮಡಿ ಸಂಖ್ಯೆಯ ಸಿಗ್ನಲ್‌ಗಳನ್ನು ತಪ್ಪಿಸಿದರು. ಬರಿದೆ ರೇಡಿಯೋ ಕೇಳುತ್ತಿದ್ದವರು ಹಾಗೆ ತಪ್ಪಿಸಲಿಲ್ಲ. ಕೇಳಿಸುವ ಮಾತನ್ನು ಮಿದುಳು ತಗ್ಗಿಸಬಲ್ಲದು. ಉತ್ತರ ಕೊಡಬೇಕಾದ ಮಾತನ್ನು ತಗ್ಗಿಸಲಾರದು. ಮಗ ಬೈಕಿನಲ್ಲಿ ಹೊರಟಾಗ "ಎಲ್ಲಿಗೆ ಬಂದಿ?" ಎಂದು ದಾರಿಯಲ್ಲಿ ಫೋನು ಮಾಡುವ ನಮ್ಮ ಕಳಕಳಿಯೇ ಅವನಿಗೆ ಅಪಾಯ ತರಬಹುದು.

ತೊಟ್ಟಿಲಿನ ಕೂಸು

ಬೇಡದ ಮಾತನ್ನು ತಗ್ಗಿಸುವ ಈ ಸಾಮರ್ಥ್ಯ ಹುಟ್ಟಿನಿಂದಲೇ ಪೂರ್ಣವಾಗಿರುವುದಿಲ್ಲ. ೨೦೦೫ರಲ್ಲಿ ಅಮೆರಿಕದ ರೋಶೆಲ್ ನ್ಯೂಮನ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಐದು ತಿಂಗಳ ಕೂಸುಗಳು ಹಿನ್ನೆಲೆಯ ಮಾತಿಗಿಂತ ಸಾಕಷ್ಟು ಜೋರಾಗಿ ಕರೆದಾಗ ಮಾತ್ರ ತಮ್ಮ ಹೆಸರನ್ನು ಗುರುತಿಸಿದವು. ಆ ಅಂತರ ತಗ್ಗಿದಾಗ ಗುರುತಿಸಲಿಲ್ಲ. ಹದಿಮೂರು ತಿಂಗಳ ಮಕ್ಕಳು ಆ ಕಡಿಮೆ ಅಂತರದಲ್ಲೂ ಗುರುತಿಸಿದವು.

೨೦೦೮ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಒಂದರಿಂದ ಮೂರು ವರ್ಷದ ೫೦ ಮಕ್ಕಳು ಆಡುವುದನ್ನು ನೋಡಿದರು. ಅರ್ಧ ಹೊತ್ತು ಕೋಣೆಯಲ್ಲಿ ದೊಡ್ಡವರ ಟೀವಿ ಕಾರ್ಯಕ್ರಮ ನಡೆಯುತ್ತಿತ್ತು. ಮಕ್ಕಳು ಅದರತ್ತ ಕೆಲವೇ ಸೆಕೆಂಡು ಆಗೀಗ ನೋಡಿದವು. ಆದರೂ ಅವುಗಳ ಆಟ ತುಂಡುತುಂಡಾಯಿತು, ಒಂದು ಆಟಿಗೆಯಲ್ಲಿ ಮನಸ್ಸು ನಿಲ್ಲುವ ಅವಧಿ ಕಡಿಮೆಯಾಯಿತು. ೨೦೦೯ರ ಇನ್ನೊಂದು ಅಧ್ಯಯನದ ಪ್ರಕಾರ, ಮನೆಯಲ್ಲಿ ಟೀವಿ ಕೇಳಿಸುತ್ತಿದ್ದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸರಾಸರಿ ೭೭೦ ಪದಗಳಷ್ಟು ಕಡಿಮೆಯಿತ್ತು. ಮಗು ಮಾತು ಕಲಿಯುವುದು ತಾಯಿತಂದೆ, ಅಜ್ಜ ಅಜ್ಜಿಯರ ಬಾಯಿಂದ. ಯಾರೂ ನೋಡದ ಟೀವಿ ಆ ಪಾಲನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ.

ಹಿರಿಯರ ಕಿವಿ

ಈಗ ಮೊದಲಿನ ಪ್ರಸಂಗಕ್ಕೆ ಬರೋಣ. ನಮ್ಮ ಒಳಗಿವಿಯಲ್ಲಿ ಧ್ವನಿಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸೂಕ್ಷ್ಮ ರೋಮಕೋಶಗಳು ಪ್ರತಿ ಕಿವಿಗೆ ಸುಮಾರು ೧೫ ಸಾವಿರ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಸವೆಯುವುದು ಹೆಚ್ಚು ಕಂಪನದ ತೆಳು ಧ್ವನಿಗಳನ್ನು ಹಿಡಿಯುವ ಭಾಗ. ಸ, ಶ, ತ ಮೊದಲಾದ ವ್ಯಂಜನಗಳ ಗುರುತು ಇರುವುದು ಆ ಧ್ವನಿಗಳಲ್ಲಿಯೇ. ಅ, ಆ, ಓ ಮೊದಲಾದ ಸ್ವರಗಳು ದಪ್ಪ ಧ್ವನಿಗಳು. ಅವು ಚೆನ್ನಾಗಿಯೇ ಕೇಳಿಸುತ್ತವೆ. ಆದ್ದರಿಂದ ಹಿರಿಯರಿಗೆ ಮಾತಿನ ಸದ್ದು ಬರುತ್ತದೆ, ಅಕ್ಷರಗಳು ಕರಗಿಹೋಗುತ್ತವೆ. ಕೂಗಿ ಹೇಳಿದರೆ ಸ್ವರಗಳೇ ಹೆಚ್ಚುತ್ತವೆ, ವ್ಯಂಜನ ಸ್ಪಷ್ಟವಾಗುವುದಿಲ್ಲ. ಕೂಗಿದವರ ಮುಖದಲ್ಲಿ ಸಿಟ್ಟು ಮಾತ್ರ ಕಾಣುತ್ತದೆ.

ಶಾಂತವಾದ ಕೋಣೆಯಲ್ಲಿ ಅವರು ಈ ಕೊರತೆಯನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. ಗದ್ದಲ ಬಂದರೆ ಬೇರ್ಪಡಿಸುವುದಕ್ಕೂ ಊಹಿಸುವುದಕ್ಕೂ ಮನಸ್ಸಿನ ಶಕ್ತಿಯೆಲ್ಲ ಖರ್ಚಾಗಿ, ತಿಳಿದುಕೊಳ್ಳಲು ಏನೂ ಉಳಿಯುವುದಿಲ್ಲ. ಆದರೆ ತನ್ನ ಹೆಸರು ಮಾತ್ರ ಬೇರೆ. ಜೀವಮಾನವಿಡೀ ಕೇಳಿದ ಆ ಒಂದು ಪದ ಅರ್ಧಂಬರ್ಧವಾಗಿ ಬಂದರೂ ಗುರುತು ಹತ್ತುತ್ತದೆ. ಅಡುಗೆಮನೆಯಲ್ಲಿ ತೆಗೆದ ಹೆಸರು ನಮ್ಮ ತಾಯಿಯವರಿಗೆ ಕೇಳಿಸಿದ್ದೂ ನಿಜ; ಎದುರು ನಿಂತು ಹೇಳಿದ ಗುಳಿಗೆಯ ಮಾತು ತಿಳಿಯದೆ ಹೋದದ್ದೂ ನಿಜ. ನಾವು ಕಪಟವೆಂದು ನಕ್ಕದ್ದು ಮನುಷ್ಯರ ಮಿದುಳಿನ ಸಹಜ ನಡೆಯಾಗಿತ್ತು.

ಅರವತ್ತು ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತೊಂದರೆ ಕೊಡುವಷ್ಟು ಶ್ರವಣದೋಷವಿರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಶ್ರವಣಯಂತ್ರದಿಂದ ಪ್ರಯೋಜನವುಂಟು, ಆದರೆ ಅದು ಬೇಕಾದ ಮಾತಿನ ಜತೆಗೆ ಬೇಡದ್ದನ್ನೂ ಹೆಚ್ಚಿಸುತ್ತದೆ. ಎದುರಿನ ಮಾತನ್ನು ಹೆಚ್ಚು ಹಿಡಿಯುವ ಮೈಕ್ರೋಫೋನುಗಳಿರುವ ಯಂತ್ರಗಳಿಂದ ಈ ತೊಂದರೆ ಕೊಂಚ ತಗ್ಗುತ್ತದೆ. ಧರಿಸಿದವರ ಮಿದುಳಿನ ಸಂಕೇತವನ್ನೇ ಓದಿ ಅವರು ಗಮನವಿಟ್ಟವರ ಮಾತನ್ನಷ್ಟೇ ಹೆಚ್ಚಿಸುವ ಉಪಾಯವನ್ನೂ ೨೦೧೯ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಶಾಲೆಯಲ್ಲಿ 'ಸಾಧ್ಯ'ವೆಂದು ತೋರಿಸಿದ್ದಾರೆ.

ನಮ್ಮ ಕೈಯಲ್ಲಿರುವುದು

ಅಂಥ ಯಂತ್ರಕ್ಕೆ ಕಾಯದೆ ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ. ಯಾವುದಕ್ಕೂ ಹಣ ಬೇಕಿಲ್ಲ. ಮಹತ್ವದ ಮಾತಿಗೆ ಮುನ್ನ ಟೀವಿಯನ್ನು ಆರಿಸಬೇಕು. ಮೊದಲು ಹೆಸರು ಅಥವಾ ಸಂಬಂಧ ಹಿಡಿದು ಕರೆದು, ಅವರು ನಮ್ಮ ಕಡೆ ತಿರುಗಿದ ಮೇಲೆ ವಿಷಯ ಹೇಳಬೇಕು. ಬೆಳಕಿನಲ್ಲಿ, ಮುಖ ಕಾಣುವಂತೆ ನಿಲ್ಲಬೇಕು. ಗದ್ದಲದಲ್ಲಿ ಮಾತನಾಡುವವರ ತುಟಿಯ ಚಲನೆ ಕಂಡರೆ ತಿಳಿವಳಿಕೆ ಬಹಳ ಸುಧಾರಿಸುತ್ತದೆಂಬುದು ೧೯೫೪ರಷ್ಟು ಹಿಂದೆಯೇ ಪ್ರಯೋಗದಿಂದ ಸಿದ್ಧವಾಗಿದೆ. ಕೂಗುವ ಬದಲು ನಿಧಾನವಾಗಿ, ಬಿಡಿಸಿ ಹೇಳಬೇಕು. ಔಷಧ, ಹಣ, ಪ್ರಯಾಣದ ಮಾತಾದರೆ "ಹೂಂ" ಎಂಬುದಕ್ಕೆ ತೃಪ್ತರಾಗದೆ, "ಈಗ ಎಷ್ಟು ಗುಳಿಗೆ ಅಂತ ಒಂದು ಸಲ ನೀವೇ ಹೇಳಿರಿ" ಎಂದು ವಿನಯದಿಂದ ಕೇಳಬೇಕು. ಓದುವ ಮಗು ಮತ್ತು ಆಡುವ ಕೂಸು ಇರುವ ಕೋಣೆಯಲ್ಲಿ ಯಾರೂ ನೋಡದ ಟೀವಿ ಇರಬಾರದು.

ಆ ಪ್ರಸಂಗದ ನಂತರ ನಮ್ಮ ತಾಯಿಯವರು ಇದ್ದಷ್ಟು ದಿನ ರಾತ್ರಿ ಊಟಕ್ಕೆ ಮುನ್ನ ನಾವು ಟೀವಿ ಆರಿಸಿ, ಅವರೆದುರು ಕುಳಿತು, "ಅವ್ವಾ" ಎಂದು ಕರೆದು ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಗುಳಿಗೆಯ ಲೆಕ್ಕ ಮತ್ತೆ ತಪ್ಪಲಿಲ್ಲ. ಅದಕ್ಕಿಂತ ಹೆಚ್ಚಾಗಿ, ವರ್ಷಗಳಿಂದ ಬರೀ "ಹೂಂ" ಎನ್ನುತ್ತಿದ್ದವರು ತಮ್ಮ ತವರುಮನೆಯ ಸಂಗತಿಗಳನ್ನು ಒಂದೊಂದಾಗಿ ಹೇಳತೊಡಗಿದರು. ಅಷ್ಟು ದಿನ ಅವರು ಸುಮ್ಮನಿದ್ದದ್ದು ಹೇಳಲು ಏನೂ ಇಲ್ಲದೆ ಎಂದು ನಾವು ತಿಳಿದಿದ್ದೆವು.